ನಿಂತಾಗ ಆರುವ ಎಂಜಿನ್

ಕಾರು ನಿಂತು ಗೇರು ಬಿಟ್ಟೊಡನೆ ಎಂಜಿನ್ ತಾನಾಗಿಯೇ ಆರಿ, ಕ್ಲಚ್ ಒತ್ತಿದೊಡನೆ ಮತ್ತೆ ಚಾಲೂ ಆಗುವ ಏರ್ಪಾಡು ಇಂದಿನ ಅನೇಕ ಕಾರುಗಳಲ್ಲಿದೆ. ನಮ್ಮ ತಂದೆಯವರ ಬಾಡಿಗೆ ಕಾರಿನಲ್ಲಿಯೂ ಇದೆ. ಆ ಕಾರಿನ ದುಡಿಮೆಯಿಂದಲೇ ನಮ್ಮ ಮನೆತನದಲ್ಲಿ ಮೊದಲಿಗನಾಗಿ ನಾನು ಬಿ.ಎ. ತರಗತಿಯವರೆಗೆ ಬಂದಿರುವುದರಿಂದ, ಕಲಾ ವಿದ್ಯಾರ್ಥಿಗೆ ಯಂತ್ರದ ಮಾತೇಕೆಂದು ವಾಚಕರು ಆಕ್ಷೇಪಿಸಲಾರರೆಂದು ನಂಬುತ್ತೇನೆ.

ಈ ಯುಕ್ತಿ ಹೊಸದೇನೂ ಅಲ್ಲ. 1970ರ ದಶಕದಲ್ಲಿಯೇ ಜಪಾನಿನ ಟೊಯೋಟಾ ಸಂಸ್ಥೆಯು ತನ್ನ ಕ್ರೌನ್ ಕಾರಿನಲ್ಲಿ ಇದನ್ನು ಅಳವಡಿಸಿತ್ತು. ನಿಂತಲ್ಲಿಯೇ ಓಡುವ ಸಣ್ಣ ಕಾರಿನ ಎಂಜಿನ್ ಗಂಟೆಗೆ ಸುಮಾರು ಅರ್ಧ ಲೀಟರಿಗೂ ಮೇಲ್ಪಟ್ಟು ಪೆಟ್ರೋಲು ಕುಡಿಯುತ್ತದೆ. ಹತ್ತು ಸೆಕೆಂಡಿಗಿಂತ ಹೆಚ್ಚು ನಿಲ್ಲುವುದಾದರೆ ಆರಿಸುವುದೇ ಲಾಭವೆಂಬುದು ಸಾಮಾನ್ಯ ಲೆಕ್ಕ. ಚಿತ್ರದುರ್ಗದ ಗಾಂಧಿ ವೃತ್ತದಲ್ಲಿ ಹೆಜ್ಜೆ ಹೆಜ್ಜೆಗೂ ನಿಲ್ಲುವಾಗ ಲಾಭ ಅಲ್ಪ, ಕಿರಿಕಿರಿ ಹೆಚ್ಚು. ಆಗ ಗುಂಡಿಯೊತ್ತಿ ಏರ್ಪಾಡನ್ನು ತಡೆಹಿಡಿಯಬಹುದು. ಹಿರಿಯೂರಿನ ಬೇಸಿಗೆಯಲ್ಲಿ ಎ.ಸಿ. ಹಾಕಿದಾಗ ಎಂಜಿನ್ ಆರದೆಯೇ ಇರುವುದುಂಟು. ಅದು ದೋಷವಲ್ಲ.

ನಿಜವಾದ ಭಾರ ಬೀಳುವುದು ಬ್ಯಾಟರಿಯ ಮೇಲೆ. ಎಂಜಿನ್ ಆರಿದಾಗ ದೀಪ, ಫ್ಯಾನು, ರೇಡಿಯೋ ಎಲ್ಲಕ್ಕೂ ಅದೇ ಆಧಾರ. ದಿನಕ್ಕೆ ಹತ್ತಾರು ಬಾರಿ ಎಂಜಿನ್ನನ್ನು ಎಬ್ಬಿಸಬೇಕಾದದ್ದೂ ಅದೇ. ಆದಕಾರಣ ಇಂಥ ಕಾರುಗಳಿಗೆ ಇ.ಎಫ್.ಬಿ. ಅಥವಾ ಎ.ಜಿ.ಎಂ. ಎಂಬ ಗಟ್ಟಿ ಜಾತಿಯ ಬ್ಯಾಟರಿಗಳುಂಟು. ನಾವು ಅಗ್ಗಕ್ಕೆ ಸಿಕ್ಕಿತೆಂದು ಸಾಧಾರಣ ಬ್ಯಾಟರಿ ಹಾಕಿಸಿದೆವು. ಕೆಲವು ತಿಂಗಳಲ್ಲಿ ಎಂಜಿನ್ ತಾನಾಗಿ ಆರುವುದು ನಿಂತುಹೋಯಿತು. ಪೀಡೆ ತೊಲಗಿತೆಂದು ಸಂತೋಷಪಟ್ಟೆವು! ಬ್ಯಾಟರಿಯ ಶಕ್ತಿ ಕುಂದಿದರೆ ಏರ್ಪಾಡು ತಾನೇ ಹಿಂಜರಿಯುತ್ತದೆಂಬುದು ಆಗ ನಮಗೆ ತಿಳಿದಿರಲಿಲ್ಲ.

ಮುಂದೆ ಒಂದು ದಿನ ಹೊಸದುರ್ಗದ ಮದುವೆಗೆ ಹೊರಟವರನ್ನು ಕರೆದೊಯ್ಯುವಾಗ, ಹೊಳಲ್ಕೆರೆ ಕಡೆಯ ರೈಲ್ವೆ ಗೇಟೊಂದರಲ್ಲಿ ತಂದೆಯವರು ಪೆಟ್ರೋಲು ಉಳಿಯಲೆಂದು ಕೀಲಿ ತಿರುಗಿಸಿ ಎಂಜಿನ್ ಆರಿಸಿದರು. ಗೂಡ್ಸ್ ಗಾಡಿ ಹೋಯಿತು, ಗೇಟು ಎದ್ದಿತು, ಕಾರು ಮಾತ್ರ ಕಟಕಟವೆಂದು ಸುಮ್ಮನಾಯಿತು. ಜರಿಪಂಚೆಯುಟ್ಟ ಬೀಗರೇ ಇಳಿದು ನೂಕಬೇಕಾಯಿತು. ತಂದೆಯವರು ಆ ದಿನದ ಬಾಡಿಗೆಯನ್ನು ಕೇಳಲಿಲ್ಲ.

ರಾತ್ರಿ ಕಾರಿನೊಡನೆ ಬಂದ ಇಂಗ್ಲಿಷ್ ಕೈಪಿಡಿಯನ್ನು ತೆರೆದೆ. ಮೊದಲಿದ್ದ ಜಾತಿಯ ಬ್ಯಾಟರಿಯನ್ನೇ ಹಾಕಬೇಕೆಂದು ಅದರಲ್ಲಿ ಸ್ಪಷ್ಟವಾಗಿ ಅಚ್ಚಾಗಿತ್ತು. ತಂದೆಯವರಿಗೆ ಆ ಭಾಷೆ ಬಾರದು. ನನಗೆ ಬರುತ್ತಿತ್ತು, ಆದರೆ ಪರೀಕ್ಷೆಯ ಪುಸ್ತಕವಲ್ಲವೆಂದು ಮೂರು ವರ್ಷ ಮುಟ್ಟಿರಲಿಲ್ಲ. ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಈಗ ಸರಿಯಾದ ಬ್ಯಾಟರಿ ಬಂದಿದೆ. ರಾತ್ರಿ ಊಟವಾದ ಮೇಲೆ ಕೈಪಿಡಿಯ ಒಂದೊಂದು ಪುಟವನ್ನು ಕನ್ನಡದಲ್ಲಿ ಹೇಳಿಸಿಕೊಳ್ಳುತ್ತಾರೆ. ಟೈರುಗಳ ಅಧ್ಯಾಯಕ್ಕೆ ಬಂದಿದ್ದೇವೆ.