ಸಿಡಿಪಿಗೆ ಆಕ್ಷೇಪಣೆ ಬರೆಯುವುದು ಹೇಗೆ?

2025ರ ಏಪ್ರಿಲ್‌ನಲ್ಲಿ ಮೈಸೂರಿನ ಎಸ್‌ಪಿ ಕಚೇರಿ ಬಳಿ ಹೈದರಾಲಿ ರಸ್ತೆ ಅಗಲಿಸಲು 40 ಮರ ಕಡಿದರು. ಪ್ರತಿಭಟನೆ ಜೋರಾಗಿಯೇ ನಡೆಯಿತು, ಆದರೆ ಮರ ಉರುಳಿದ ಮೇಲೆ. ಐವತ್ತಕ್ಕಿಂತ ಹೆಚ್ಚು ಮರ ಕಡಿಯುವುದಿದ್ದರೆ ಸಾರ್ವಜನಿಕ ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಕೇಳಬೇಕೆನ್ನುತ್ತದೆ ರಾಜ್ಯದ ವೃಕ್ಷ ಸಂರಕ್ಷಣಾ ಕಾಯ್ದೆ. ನಲವತ್ತಕ್ಕೆ ಆ ಕಟ್ಟಳೆಯಿಲ್ಲ.

ಜನ ಬಾಯಿ ಹಾಕಬೇಕಾದ ಹೊತ್ತು ಬೇರೆಯೇ ಇದೆ. ರಸ್ತೆಗಳ ಜಾಲ, ವಸತಿ ವಲಯ, ಉದ್ಯಾನಗಳ ಜಾಗ ಎಲ್ಲವೂ ಮಹಾಯೋಜನೆಯಲ್ಲಿ, ಅಂದರೆ ಮೈಸೂರಿಗರ ಬಾಯಲ್ಲಿ ಇಂದಿಗೂ ಸಿಡಿಪಿಯಲ್ಲಿ, ಗೊತ್ತಾಗುತ್ತವೆ. ರಿಂಗ್ ರಸ್ತೆಯಾಚೆ ಬಸ್ಸಿಲ್ಲದ ಕಡೆ ಲೇಔಟ್ ಎದ್ದರೆ ಅಲ್ಲಿನ ಪ್ರತಿ ಮನೆಗೂ ಸ್ಕೂಟರ್ ಅನಿವಾರ್ಯ. ಹೊಗೆಯ ಲೆಕ್ಕ ಶುರುವಾಗುವುದು ನಕ್ಷೆಯ ಬಣ್ಣದಿಂದ. ಕ್ಯಾಲಿಫೋರ್ನಿಯಾ 2008ರಲ್ಲೇ ಪ್ರಾದೇಶಿಕ ಯೋಜನೆಗೂ ವಾಹನಗಳ ಹಸಿರುಮನೆ ಅನಿಲಕ್ಕೂ ಕಾನೂನಿನ ಗಂಟು ಹಾಕಿತು. ಬೆಂಗಳೂರು 2023ರಲ್ಲಿ ಹವಾಮಾನ ಕ್ರಿಯಾ ಯೋಜನೆ ಪ್ರಕಟಿಸಿತು. 2017ರಲ್ಲೇ ಟ್ರಿಣ್ ಟ್ರಿಣ್ ಸೈಕಲ್ ಬಾಡಿಗೆಗೆ ಬಿಟ್ಟ ಮೈಸೂರು ಇಂಥದ್ದಕ್ಕೆ ಹೊಸತೇನಲ್ಲ. ಆದರೆ ಇಲ್ಲಿ ಮಹಾಯೋಜನೆಗೆ ಆಧಾರವಾದ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಇಂಗಾಲದ ಗುರಿ ಕೇಳುವುದಿಲ್ಲ. ಕೇಳಬೇಕಾದವರು ನಾಗರಿಕರೇ.

ಅದಕ್ಕೆ ದಾರಿ 13ನೇ ಕಲಂ. ಯೋಜನೆಯ ಕರಡು ಪ್ರಕಟವಾದ 60 ದಿನಗಳೊಳಗೆ ಯಾರು ಬೇಕಾದರೂ ಲಿಖಿತವಾಗಿ ಅಭಿಪ್ರಾಯ ಸಲ್ಲಿಸಬಹುದು. ಅಲ್ಲಿ ಸೈಟು ಇರಬೇಕೆಂದೇನೂ ಇಲ್ಲ. ಯೋಜನಾ ಪ್ರಾಧಿಕಾರ ಅದನ್ನು ಪರಿಶೀಲಿಸಿ, ತಿದ್ದುಪಡಿಯ ಶಿಫಾರಸಿನೊಂದಿಗೆ ಯೋಜನೆಯನ್ನು ಸರ್ಕಾರಕ್ಕೆ ಮತ್ತೆ ಕಳಿಸಬೇಕು. ಮೈಸೂರು–ನಂಜನಗೂಡು ಯೋಜನಾ ಪ್ರದೇಶಕ್ಕೆ 2031ರ ಮಹಾಯೋಜನೆ ಇದೆ. ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಣೆ ಆಗಬೇಕೆಂಬುದು ಕಾಯ್ದೆಯ ಮಾತು. ಆ ಪ್ರಾಧಿಕಾರವಾಗಿದ್ದ ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ಹೋಗಿ ಮೈಸೂರು ಅಭಿವೃದ್ಧಿ ಪ್ರಾಧಿಕಾರ ಬಂದರೂ ಈ ಹಕ್ಕಿಗೆ ಚ್ಯುತಿಯಿಲ್ಲ.

‘ಪರಿಸರ ಉಳಿಸಿ’ ಎಂದಷ್ಟೇ ಬರೆದ ಅರ್ಜಿ ಕಡತದಲ್ಲಿ ಮಲಗುತ್ತದೆ. ಗ್ರಾಮದ ಹೆಸರು, ಸರ್ವೆ ನಂಬರು, ನಕ್ಷೆಯಲ್ಲಿ ತೋರಿಸಿದ ವಲಯ, ಬದಲಿಗೆ ಆಗಬೇಕಾದ್ದೇನು ಎಂಬುದು ಅದರಲ್ಲಿರಲಿ: ‘ಈ ಸರ್ವೆ ನಂಬರಿನ ರಾಜಕಾಲುವೆ ಅಂಚನ್ನು ವಸತಿ ವಲಯದಿಂದ ಕೈಬಿಟ್ಟು ಹಸಿರು ಪಟ್ಟಿ ಎಂದು ಗುರುತಿಸಿ, ಬಡಾವಣೆಗೆ ಬಸ್ ಮಾರ್ಗಕ್ಕೆ ಸಾಲುವ ರಸ್ತೆ ತೋರಿಸಿ.’ ಎರಡು ಪ್ರತಿ ಒಯ್ದು, ಒಂದರ ಮೇಲೆ ಸ್ವೀಕೃತಿಯ ಮೊಹರು, ದಿನಾಂಕ ಹಾಕಿಸಿಕೊಳ್ಳಬೇಕು. ಈ ಮೊಹರಿಲ್ಲದೆ ಮುಂದಿನ ಹೋರಾಟಕ್ಕೆ ಕಾಲೇ ಇಲ್ಲ.

ಯೋಜನೆ ಅಂತಿಮವಾದ ಮೇಲೂ 14ಎ ಕಲಮಿನಡಿ ಭೂ ಉಪಯೋಗ ಬದಲಾವಣೆ ಸದ್ದಿಲ್ಲದೆ ನಡೆಯುತ್ತಿರುತ್ತದೆ. ಪ್ರಸ್ತಾವವನ್ನು ದಿನಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆ ಕೇಳಲೇಬೇಕು. ಒಳಪುಟದ ಸಣ್ಣಕ್ಷರದ ಆ ಪ್ರಕಟಣೆಯನ್ನು ಓದುವವರು ಬಡಾವಣೆಗೊಬ್ಬರಾದರೂ ಬೇಕು.

ಆಕ್ಷೇಪಣೆ ಏನಾಯಿತೆಂದು ತಿಳಿಯಲು ಮಾಹಿತಿ ಹಕ್ಕು ಅರ್ಜಿ: ಶುಲ್ಕ 10 ರೂಪಾಯಿ, ಒಂದೇ ವಿಷಯ, 150 ಪದಗಳ ಮಿತಿ, 30 ದಿನದಲ್ಲಿ ಉತ್ತರ. ಬಾರದಿದ್ದರೆ ಮೇಲ್ಮನವಿ. ಯೋಜನಾ ಕಾಯ್ದೆಯ ಉಲ್ಲಂಘನೆಯೊಂದನ್ನೇ ಹಿಡಿದು ಹಸಿರು ನ್ಯಾಯಮಂಡಳಿಗೆ ಹೋಗಲು ಬರುವುದಿಲ್ಲ, ಅದರ ವ್ಯಾಪ್ತಿಯ ಪಟ್ಟಿಯಲ್ಲಿ ಈ ಕಾಯ್ದೆ ಇಲ್ಲ. ಹೈಕೋರ್ಟ್‌ಗೆ ರಿಟ್ ಹಾಕಬೇಕು. 2024ರ ರಂಜಿತ್‌ಸಿನ್ಹ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹವಾಮಾನ ಬದಲಾವಣೆಯ ದುಷ್ಪರಿಣಾಮದಿಂದ ರಕ್ಷಣೆ ಪಡೆಯುವ ಹಕ್ಕನ್ನು ಸಂವಿಧಾನದ 14 ಮತ್ತು 21ನೇ ವಿಧಿಗಳಲ್ಲಿ ಗುರುತಿಸಿರುವುದು ಅಲ್ಲಿ ನೆರವಾದೀತು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಕೇಳಬಹುದು, ಸಹಾಯವಾಣಿ 15100.