ದೀರ್ಘ ಚಿತ್ರೀಕರಣ ಮತ್ತು ವಿಡಿಯೋ ಡಿಸ್ಕ್: ಸ್ಟುಡಿಯೋ ಉದ್ಯಮಕ್ಕೆ ಒಂದು ಲೆಕ್ಕದ ಪಾಠ

ಚಿತ್ರದುರ್ಗ ಮತ್ತು ದಾವಣಗೆರೆಗಳ ನಡುವೆ ಹೆದ್ದಾರಿಯ ಮೇಲಿರುವ ಭರಮಸಾಗರದಂತಹ ಹೋಬಳಿ ಕೇಂದ್ರಗಳಲ್ಲಿ ವಿಡಿಯೋ ಚಿತ್ರೀಕರಣವು ಅನೇಕ ಕುಟುಂಬಗಳಿಗೆ ಅನ್ನ ನೀಡಿದ ಸಣ್ಣ ಉದ್ದಿಮೆ. ಮದುವೆ, ಗೃಹಪ್ರವೇಶ, ಜಾತ್ರೆ, ರಾತ್ರಿಯಿಡೀ ನಡೆಯುವ ಬಯಲಾಟ, ಸಿರಿಗೆರೆ ಮಠದ ಒಂಬತ್ತು ದಿನಗಳ ತರಳಬಾಳು ಹುಣ್ಣಿಮೆಯಂತಹ ಉತ್ಸವ ಇವೆಲ್ಲವೂ ಗಂಟೆಗಟ್ಟಲೆ ಸಾಗುವ ಕಾರ್ಯಕ್ರಮಗಳು. ಆದರೆ ಗ್ರಾಹಕನ ಕೈಗೆ ತಲುಪಬೇಕಾದ ಡಿಸ್ಕಿನ ಸ್ಥಳಾವಕಾಶಕ್ಕೆ ಮಿತಿಯಿದೆ. ‘ಎಲ್ಲವೂ ಒಂದೇ ಡಿಸ್ಕಿನಲ್ಲಿ ಬರಲಿ’ ಎಂಬುದು ಗ್ರಾಹಕನ ಸಹಜ ಬೇಡಿಕೆ. ಅದಕ್ಕೆ ಒಪ್ಪುವ ಮುನ್ನ ಉದ್ದಿಮೆದಾರನು ಮಾಡಬೇಕಾದ ಲೆಕ್ಕವೊಂದಿದೆ. ಆ ಲೆಕ್ಕ ತಪ್ಪಿದರೆ ಹಾಳಾಗುವುದು ಮತ್ತೊಮ್ಮೆ ಚಿತ್ರೀಕರಿಸಲಾಗದ ದೃಶ್ಯ. ಅದರ ಜೊತೆಗೆ ಅಂಗಡಿಯ ಹೆಸರು.

ಡಿಸ್ಕುಗಳ ಅಳತೆ

1993ರಲ್ಲಿ ರೂಪುಗೊಂಡ ವಿ.ಸಿ.ಡಿ. ಮಾನದಂಡದಲ್ಲಿ ಚಿತ್ರದ ಗಾತ್ರ 352×288 ಚುಕ್ಕೆಗಳು. ಚಿತ್ರಕ್ಕೆ ಸೆಕೆಂಡಿಗೆ 1,150 ಕಿಲೋಬಿಟ್, ಧ್ವನಿಗೆ 224 ಕಿಲೋಬಿಟ್ ಎಂದು ನಿಗದಿಯಾಗಿತ್ತು. ಒಂದು ಡಿಸ್ಕಿನಲ್ಲಿ 74ರಿಂದ 80 ನಿಮಿಷಗಳ ದೃಶ್ಯ ಹಿಡಿಯುತ್ತಿತ್ತು. 1996ರಲ್ಲಿ ಮಾರುಕಟ್ಟೆಗೆ ಬಂದ ಡಿ.ವಿ.ಡಿ.ಯಲ್ಲಿ ಚಿತ್ರದ ಗಾತ್ರ 720×576 ಚುಕ್ಕೆಗಳಿಗೆ ಏರಿತು. ಒಂದು ಪದರದ ಡಿ.ವಿ.ಡಿ.ಯ ಸಾಮರ್ಥ್ಯ 4.7 ಜಿ.ಬಿ., ಎರಡು ಪದರದ್ದು 8.5 ಜಿ.ಬಿ. ಗಣಕಯಂತ್ರವು 4.7 ಜಿ.ಬಿ. ಡಿಸ್ಕನ್ನು 4.38 ಎಂದು ತೋರಿಸುವುದನ್ನು ಕಂಡು ಮಾಲಿನಲ್ಲಿ ಮೋಸವಿದೆಯೆಂದು ಶಂಕಿಸಬೇಕಾಗಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಅಳೆಯುತ್ತಾರೆ, ಗಣಕಯಂತ್ರವು 1,024ರ ಲೆಕ್ಕದಲ್ಲಿ ಅಳೆಯುತ್ತದೆ. ವ್ಯತ್ಯಾಸ ಅಷ್ಟೇ.

ಸಂಕುಚನದ ಸ್ವರೂಪ

ಸಂಕುಚನವಿಲ್ಲದ 720×576 ಚಿತ್ರಕ್ಕೆ ಸೆಕೆಂಡಿಗೆ ಸುಮಾರು 166 ಮೆಗಾಬಿಟ್ ಬೇಕು. ಮಿನಿ ಡಿ.ವಿ. ಕ್ಯಾಮೆರಾ ಅದನ್ನು 25 ಮೆಗಾಬಿಟ್‌ಗೆ ಇಳಿಸಿ ಕ್ಯಾಸೆಟ್ಟಿನಲ್ಲಿ ದಾಖಲಿಸುತ್ತದೆ. ಹೀಗೆ ದಾಖಲಾದ ಒಂದು ಗಂಟೆಯ ದೃಶ್ಯಕ್ಕೆ ಗಣಕಯಂತ್ರದಲ್ಲಿ ಸುಮಾರು 13 ಜಿ.ಬಿ. ಸ್ಥಳ ಬೇಕಾಗುತ್ತದೆ. ಡಿ.ವಿ.ಡಿ.ಗೆ ಬರುವ ಹೊತ್ತಿಗೆ ಅದು 5 ಮೆಗಾಬಿಟ್ ಆಸುಪಾಸಿಗೆ ಇಳಿದಿರಬೇಕು.

ಇಷ್ಟು ಇಳಿಕೆ ಸಾಧ್ಯವಾಗುವುದು ಒಂದು ಸರಳ ತತ್ತ್ವದಿಂದ. ಒಂದು ಚೌಕಟ್ಟಿನಿಂದ ಮುಂದಿನ ಚೌಕಟ್ಟಿಗೆ ಬದಲಾಗದ ಭಾಗವನ್ನು ಮತ್ತೆ ಮತ್ತೆ ಬರೆಯದೆ, ಬದಲಾದ ಭಾಗವನ್ನಷ್ಟೇ ಬರೆಯಲಾಗುತ್ತದೆ. ಆದ್ದರಿಂದ ವೇದಿಕೆಯ ಮೇಲೆ ಒಬ್ಬರೇ ನಿಂತು ಭಾಷಣ ಮಾಡುವ ದೃಶ್ಯಕ್ಕೆ ಕಡಿಮೆ ಬಿಟ್‌ಗಳು ಸಾಕು. ಅಕ್ಷತೆ ಬೀಳುವ ಕ್ಷಣ, ಹೋಮದ ಹೊಗೆ, ಫೋಟೋ ಕ್ಯಾಮೆರಾದ ಫ್ಲಾಶ್, ಮೆರವಣಿಗೆಯ ಜನಸಂದಣಿ ಇವುಗಳಲ್ಲಿ ಇಡೀ ಚಿತ್ರವೇ ಬದಲಾಗುವುದರಿಂದ ಬಿಟ್‌ಗಳ ಬೇಡಿಕೆ ಹಠಾತ್ತನೆ ಏರುತ್ತದೆ. ಬಿಟ್ ಸಾಲದಿದ್ದರೆ ಚಿತ್ರವು ಚೌಕ ಚೌಕವಾಗಿ ಒಡೆಯುತ್ತದೆ. ಗ್ರಾಹಕನು ಅತ್ಯಂತ ಬೆಲೆಯುಳ್ಳದ್ದೆಂದು ಭಾವಿಸುವ ನಿಮಿಷವೇ ಮೊದಲು ಕೆಡುತ್ತದೆ ಎಂಬುದನ್ನು ಉದ್ದಿಮೆದಾರರು ಮುಖ್ಯವಾಗಿ ಗಮನಿಸಬೇಕು. ಹೀಗೆ ಒಮ್ಮೆ ಕಳೆದುಹೋದ ವಿವರವನ್ನು ಮುಂದೆ ಯಾವ ತಂತ್ರಾಂಶವೂ ಮರಳಿ ತರಲಾರದು.

ಲೆಕ್ಕದ ಸೂತ್ರ

ಮೆನು ಮತ್ತಿತರ ಅಗತ್ಯಗಳಿಗೆ ಸ್ವಲ್ಪ ಸ್ಥಳ ಬಿಟ್ಟು, ಒಂದು ಪದರದ ಡಿ.ವಿ.ಡಿ.ಯಲ್ಲಿ 4.5 ಜಿ.ಬಿ. ಬಳಸಬಹುದೆಂದು ಇಟ್ಟುಕೊಂಡರೆ ಸುಲಭ ಸೂತ್ರವೊಂದು ದೊರೆಯುತ್ತದೆ. 6,00,000ವನ್ನು ಒಟ್ಟು ನಿಮಿಷಗಳಿಂದ ಭಾಗಿಸಿದರೆ ಬರುವ ಉತ್ತರವೇ ಸೆಕೆಂಡಿಗೆ ಲಭ್ಯವಿರುವ ಕಿಲೋಬಿಟ್. ಅದರಲ್ಲಿ ಧ್ವನಿಗೆ 224 ಕಿಲೋಬಿಟ್ ಕಳೆದರೆ ಉಳಿಯುವುದು ಚಿತ್ರದ ಪಾಲು.

2 ಗಂಟೆ: ಒಟ್ಟು 5,000, ಚಿತ್ರಕ್ಕೆ 4,776
3 ಗಂಟೆ: ಒಟ್ಟು 3,333; ಚಿತ್ರಕ್ಕೆ 3,109
4 ಗಂಟೆ: ಒಟ್ಟು 2,500; ಚಿತ್ರಕ್ಕೆ 2,276
6 ಗಂಟೆ: ಒಟ್ಟು 1,667, ಚಿತ್ರಕ್ಕೆ 1,443
9 ಗಂಟೆ: ಒಟ್ಟು 1,111, ಚಿತ್ರಕ್ಕೆ 887

ಎರಡು ಗಂಟೆಯವರೆಗೆ ಚಿತ್ರವು ತೃಪ್ತಿಕರವಾಗಿರುತ್ತದೆ. ಮೂರು ಗಂಟೆಯಲ್ಲಿ ಎಚ್ಚರ ಬೇಕು. ನಾಲ್ಕು ಗಂಟೆ ಮೀರಿದರೆ ಪೂರ್ಣ ಗಾತ್ರದ ಚಿತ್ರವನ್ನು ಉಳಿಸಿಕೊಳ್ಳುವುದು ಕಷ್ಟ. ಒಂಬತ್ತು ಗಂಟೆಯನ್ನು ಒಂದೇ ಡಿಸ್ಕಿಗೆ ತುಂಬಿದರೆ ಡಿ.ವಿ.ಡಿ.ಯ ಬೆಲೆ ತೆತ್ತ ಗ್ರಾಹಕನಿಗೆ ವಿ.ಸಿ.ಡಿ.ಗಿಂತಲೂ ಕಡಿಮೆ ಬಿಟ್ ದರದ ಚಿತ್ರ ದೊರೆಯುತ್ತದೆ. ಇನ್ನೊಂದು ತುದಿಯಲ್ಲಿ, ಒಂದೇ ಗಂಟೆಯ ಚಿತ್ರವಿದ್ದರೆ ಸೂತ್ರದ ಉತ್ತರ 10,000 ಬರುತ್ತದೆ. ಆದರೆ ಡಿ.ವಿ.ಡಿ.ಯಲ್ಲಿ ಚಿತ್ರದ ಗರಿಷ್ಠ ದರವೇ 9,800 ಆಗಿರುವುದರಿಂದ 8,000ಕ್ಕೆ ನಿಲ್ಲಿಸುವುದು ಕ್ಷೇಮ.

ಧ್ವನಿಯ ಆಯ್ಕೆಯಲ್ಲಿ ಆಗುವ ಪ್ರಮಾದವು ಚಿಕ್ಕದಲ್ಲ. ಸಂಕುಚನವಿಲ್ಲದ ಪಿ.ಸಿ.ಎಂ. ಧ್ವನಿ ಸೆಕೆಂಡಿಗೆ 1,536 ಕಿಲೋಬಿಟ್ ನುಂಗುತ್ತದೆ. ನಾಲ್ಕು ಗಂಟೆಯ ಡಿಸ್ಕಿನಲ್ಲಿ ಲಭ್ಯವಿರುವ 2,500ರಲ್ಲಿ ಆಗ ಚಿತ್ರಕ್ಕೆ ಉಳಿಯುವುದು ಕೇವಲ 964. ಡಾಲ್ಬಿ ಡಿಜಿಟಲ್ ಧ್ವನಿಯನ್ನು 224ರ ದರದಲ್ಲಿ ಆಯ್ದುಕೊಂಡರೆ ವಾದ್ಯ, ಮಂತ್ರ, ಮಾತು ಎಲ್ಲವೂ ಸಮಾಧಾನಕರವಾಗಿ ಕೇಳುತ್ತವೆ.

ಎರಡು ಉದಾಹರಣೆಗಳು

ಹಳ್ಳಿಯೊಂದರ ಬಯಲಾಟವನ್ನು ಮೂರು ವಿ.ಎಚ್.ಎಸ್. ಕ್ಯಾಸೆಟ್ಟುಗಳಲ್ಲಿ, ತಲಾ ಮೂರು ಗಂಟೆಯಂತೆ ಒಂಬತ್ತು ಗಂಟೆ ದಾಖಲಿಸಲಾಗಿದೆ ಎಂದು ಭಾವಿಸಬಹುದು. ಇದನ್ನು ವಿ.ಸಿ.ಡಿ.ಗೆ ಇಳಿಸಲು ಏಳು ಡಿಸ್ಕುಗಳು ಬೇಕು. ಒಂದು ಕ್ಯಾಸೆಟ್ಟಿಗೆ ಒಂದರಂತೆ ಮೂರು ಡಿ.ವಿ.ಡಿ. ಮಾಡುವುದು ಯುಕ್ತ. ವಿ.ಎಚ್.ಎಸ್. ಟೇಪಿನಲ್ಲಿರುವ ಅಡ್ಡ ವಿವರವು ಸುಮಾರು 240 ಗೆರೆಗಳಷ್ಟೇ ಆದುದರಿಂದ ಅದನ್ನು 720×576 ಗಾತ್ರದಲ್ಲಿ ಬರೆಯುವುದು ವ್ಯರ್ಥ. ಡಿ.ವಿ.ಡಿ. ಮಾನದಂಡವೇ ಒಪ್ಪುವ 352×576 ಗಾತ್ರವನ್ನು ಆಯ್ದರೆ ಚುಕ್ಕೆಗಳ ಸಂಖ್ಯೆ ಅರ್ಧಕ್ಕಿಂತ ಕಡಿಮೆಯಾಗಿ, ಸೆಕೆಂಡಿಗೆ 3,109 ಕಿಲೋಬಿಟ್ ಧಾರಾಳವಾಗುತ್ತದೆ. ಮಂದ ಬೆಳಕಿನಲ್ಲಿ ತೆಗೆದ ಟೇಪುಗಳಲ್ಲಿ ತುಂಬಿರುವ ಕಾಳುಕಾಳಾದ ಮಬ್ಬನ್ನೂ ತಂತ್ರಾಂಶವು ‘ಬದಲಾವಣೆ’ ಎಂದೇ ತಿಳಿದು ಬಿಟ್‌ಗಳನ್ನು ಪೋಲು ಮಾಡುತ್ತದೆ. ಸಂಕುಚನಕ್ಕೆ ಮುನ್ನ ಅದನ್ನು ಹದವಾಗಿ ತಗ್ಗಿಸುವುದು ಲಾಭಕರ.

ಮದುವೆಯ ವಿಷಯ ಬೇರೆ. ಆರತಕ್ಷತೆಯಿಂದ ಮುಹೂರ್ತದವರೆಗೆ ಆರು ಗಂಟೆಯ ಚಿತ್ರೀಕರಣವಾಗಿದ್ದರೆ ಅದನ್ನು ಹಾಗೆಯೇ ಒಂದು ಡಿಸ್ಕಿಗೆ ಹಿಂಡುವುದರಿಂದ 1,443 ಕಿಲೋಬಿಟ್ ದೊರೆಯುತ್ತದೆ. ಊಟದ ಪಂಕ್ತಿ, ಉಡುಗೊರೆಯ ಸಾಲು ಮೊದಲಾದ ಪುನರಾವರ್ತನೆಗಳನ್ನು ಕತ್ತರಿಸಿ ಮೂರು ಗಂಟೆಗೆ ತಂದು, ಒಂದೂವರೆ ಗಂಟೆಯ ಎರಡು ಡಿಸ್ಕು ಮಾಡಿದರೆ 6,443 ದೊರೆಯುತ್ತದೆ. ಅಂದರೆ ನಾಲ್ಕು ಪಟ್ಟಿಗೂ ಹೆಚ್ಚು. ಹೆಚ್ಚುವರಿ ಖರ್ಚು ಒಂದು ಖಾಲಿ ಡಿಸ್ಕು ಮತ್ತು ಎಡಿಟಿಂಗ್‌ನ ಶ್ರಮ.

ಎರಡು ಸುತ್ತಿನ ಸಂಕುಚನ

ಬಿಟ್ ದರವನ್ನು ಆರಂಭದಿಂದ ಕೊನೆಯವರೆಗೆ ಸಮನಾಗಿ ಇಡುವ ಬದಲು ಅಗತ್ಯಕ್ಕೆ ತಕ್ಕಂತೆ ಹಂಚುವ ವಿಧಾನವನ್ನು ಆಯ್ದುಕೊಳ್ಳಬೇಕು. ಮೊದಲ ಸುತ್ತಿನಲ್ಲಿ ತಂತ್ರಾಂಶವು ಇಡೀ ಚಿತ್ರವನ್ನು ಪರಿಶೀಲಿಸಿ, ಎರಡನೆಯ ಸುತ್ತಿನಲ್ಲಿ ಭಾಷಣದಿಂದ ಉಳಿಸಿದ್ದನ್ನು ಅಕ್ಷತೆಯ ಕ್ಷಣಕ್ಕೆ ವ್ಯಯಿಸುತ್ತದೆ. ಸಮಯ ಹೆಚ್ಚು ಬೇಕು, ಆದರೆ ಡಿಸ್ಕಿನ ಗಾತ್ರ ಏರುವುದಿಲ್ಲ. 2000ದ ದಶಕದಲ್ಲಿ ಟಿ.ಎಂ.ಪಿ.ಜಿ.ಎನ್ಕ್ ಮುಂತಾದ ತಂತ್ರಾಂಶಗಳು ಈ ಸೌಲಭ್ಯದಿಂದಲೇ ಹೆಸರು ಮಾಡಿದವು. ಇಂದು ಎಫ್.ಎಫ್.ಎಂಪೆಗ್, ಡಿ.ವಿ.ಡಿ. ಸ್ಟೈಲರ್‌ಗಳಂತಹ ಉಚಿತ ತಂತ್ರಾಂಶಗಳೂ ಇವೆ.

ಮತ್ತೊಂದು ಸೂಕ್ಷ್ಮವೆಂದರೆ ಫೀಲ್ಡ್‌ಗಳ ಕ್ರಮ. ಟಿ.ವಿ. ಚಿತ್ರದ ಪ್ರತಿ ಚೌಕಟ್ಟು ಎರಡು ಫೀಲ್ಡ್‌ಗಳಿಂದ ಕೂಡಿದ್ದು, ಮಿನಿ ಡಿ.ವಿ.ಯಲ್ಲಿ ಕೆಳಗಿನ ಫೀಲ್ಡ್ ಮೊದಲು ಬರುತ್ತದೆ. ಕ್ರಮ ತಪ್ಪಿದರೆ ಚಲನೆಯು ನಡುಗಿದಂತೆ ಕಾಣುತ್ತದೆ. ಗಣಕಯಂತ್ರದ ಪರದೆಯಲ್ಲಿ ಈ ದೋಷ ಗೋಚರಿಸದೆ ಇರಬಹುದಾದ್ದರಿಂದ ಟಿ.ವಿ.ಯಲ್ಲಿ ನೋಡಿಯೇ ಖಚಿತಪಡಿಸಿಕೊಳ್ಳಬೇಕು.

ಡಿಸ್ಕಿಗೆ ಬರೆಯುವಾಗ ಪಾಲಿಸಬೇಕಾದ ಕ್ರಮ

1. ಮೊದಲು ಇಡೀ ಡಿಸ್ಕಿನ ಪ್ರತಿಯನ್ನು ಹಾರ್ಡ್ ಡಿಸ್ಕಿನಲ್ಲಿ ಸಿದ್ಧಪಡಿಸಿ, ನೋಡಿ, ಅನಂತರ ಬರೆಯಬೇಕು.
2. ಗರಿಷ್ಠ ವೇಗವನ್ನು ನೆಚ್ಚಬಾರದು. 4 ಪಟ್ಟು ವೇಗದಲ್ಲಿ ಪೂರ್ಣ ಡಿಸ್ಕಿಗೆ ಸುಮಾರು 14 ನಿಮಿಷ ಹಿಡಿಯುತ್ತದೆ. ಉಳಿಸಿದ ಕೆಲವು ನಿಮಿಷಗಳಿಗಾಗಿ ಗ್ರಾಹಕನು ಡಿಸ್ಕು ಹಿಡಿದು ಮರಳಿ ಬರುವಂತಾಗಬಾರದು.
3. ಬರವಣಿಗೆಯ ನಡುವೆ ವಿದ್ಯುತ್ ಹೋದರೆ ಒಮ್ಮೆ ಮಾತ್ರ ಬರೆಯಬಹುದಾದ ಡಿಸ್ಕು ಕಸಕ್ಕೆ ಸೇರುತ್ತದೆ. ಯು.ಪಿ.ಎಸ್. ಅನಿವಾರ್ಯ.
4. ಬರೆದ ನಂತರ ಫೈನಲೈಸ್ ಮಾಡಿ, ಮನೆಗಳಲ್ಲಿ ಬಳಸುವಂತಹ ಸಾಮಾನ್ಯ ಪ್ಲೇಯರಿನಲ್ಲಿ ಆರಂಭ, ಮಧ್ಯ, ಅಂತ್ಯ ಮೂರನ್ನೂ ಪರೀಕ್ಷಿಸಬೇಕು.
5. ಕಾಗದದ ಲೇಬಲ್ ಅಂಟಿಸುವುದರಿಂದ ಡಿಸ್ಕು ತಿರುಗುವಾಗ ಓಲಾಡುವ ಸಂಭವವಿದೆ. ಅದನ್ನು ಬಿಟ್ಟು ಡಿಸ್ಕಿಗೆಂದೇ ಇರುವ ಪೆನ್ನಿನಿಂದ ಬರೆಯುವುದು ಒಳಿತು.
6. ಬರೆಯಬಲ್ಲ ಡಿಸ್ಕಿನಲ್ಲಿ ಮಾಹಿತಿ ನಿಲ್ಲುವುದು ಬಣ್ಣದ ಪದರದಲ್ಲಿ. ಬಿಸಿಲು ಮತ್ತು ಶಾಖಕ್ಕೆ ಅದು ಮಾಸುತ್ತದೆಂದು ಗ್ರಾಹಕರಿಗೆ ತಿಳಿಸಬೇಕು.

ಮೂಲಪ್ರತಿಯೇ ಬಂಡವಾಳ

ಹಾರ್ಡ್ ಡಿಸ್ಕುಗಳು ದುಬಾರಿಯಾಗಿದ್ದ ಕಾಲದಲ್ಲಿ ಗಂಟೆಗೆ 13 ಜಿ.ಬಿ.ಯಂತೆ ಮೂಲವನ್ನು ಕಾಪಾಡುವುದು ಸಣ್ಣ ಸ್ಟುಡಿಯೋಗಳಿಗೆ ಎಟುಕದ ಮಾತಾಗಿತ್ತು. ಮೂಲ ಕ್ಯಾಸೆಟ್ಟು ಮರುಬಳಕೆಯಾದ ಮನೆಗಳಲ್ಲಿ ಅತಿಯಾಗಿ ಹಿಂಡಿದ ಡಿಸ್ಕೊಂದೇ ಇಂದು ಉಳಿದಿರುವ ದಾಖಲೆ. ಇಂದು 1 ಟಿ.ಬಿ. ಹಾರ್ಡ್ ಡಿಸ್ಕಿನಲ್ಲಿ ಸುಮಾರು 76 ಗಂಟೆಯ ಮಿನಿ ಡಿ.ವಿ. ದೃಶ್ಯ ಹಿಡಿಯುತ್ತದೆ. ಆದುದರಿಂದ ಮೂಲವನ್ನು ಎರಡು ಪ್ರತ್ಯೇಕ ಹಾರ್ಡ್ ಡಿಸ್ಕುಗಳಲ್ಲಿ ಇಟ್ಟು, ಗ್ರಾಹಕನಿಗೆ ಡಿ.ವಿ.ಡಿ.ಯೊಂದಿಗೆ ಪೆನ್ ಡ್ರೈವಿನಲ್ಲಿ ಎಚ್.264 ವಿಧಾನದ ಕಡತವನ್ನೂ ನೀಡಬಹುದು. 2003ರಲ್ಲಿ ಜಾರಿಗೆ ಬಂದ ಈ ವಿಧಾನವು ಡಿ.ವಿ.ಡಿ.ಯ ಎಂಪೆಗ್-2ಕ್ಕೆ ಹೋಲಿಸಿದರೆ ಸುಮಾರು ಅರ್ಧದಷ್ಟು ಬಿಟ್‌ಗಳಲ್ಲಿ ಅದೇ ಗುಣಮಟ್ಟ ನೀಡುತ್ತದೆ.

ಹಳೆಯ ಕ್ಯಾಸೆಟ್ಟುಗಳ ಪರಿವರ್ತನೆಯು ಇನ್ನೂ ಉಳಿದಿರುವ ವ್ಯಾಪಾರಾವಕಾಶ. ಆದರೆ ಅದಕ್ಕೆ ಕಾಲಮಿತಿಯಿದೆ. ವಿ.ಸಿ.ಆರ್. ತಯಾರಿಸುತ್ತಿದ್ದ ಕೊನೆಯ ಕಂಪನಿಯಾದ ಜಪಾನಿನ ಫುನಾಯ್ 2016ರಲ್ಲಿ ಉತ್ಪಾದನೆ ನಿಲ್ಲಿಸಿತು. ಸೋನಿ ಕಂಪನಿಯು ಬರೆಯಬಲ್ಲ ಬ್ಲೂ-ರೇ ಡಿಸ್ಕು ಹಾಗೂ ಮಿನಿ ಡಿ.ವಿ. ಕ್ಯಾಸೆಟ್ಟುಗಳ ತಯಾರಿಕೆಯನ್ನು 2025ರ ಫೆಬ್ರುವರಿಯಲ್ಲಿ ಕೊನೆಗೊಳಿಸಿತು. ಭಾರತದಲ್ಲಿ ಖಾಲಿ ಡಿಸ್ಕುಗಳಿಗೆ ಮನೆಮಾತಾಗಿದ್ದ ಮೋಸರ್ ಬೇರ್ ಕಂಪನಿಯೂ ಮುಚ್ಚಿಹೋಗಿದೆ. ಸುಸ್ಥಿತಿಯ ವಿ.ಸಿ.ಆರ್. ಉಳಿಸಿಕೊಂಡಿರುವ ಸ್ಟುಡಿಯೋ ಅದನ್ನು ಗುಜರಿಗೆ ಹಾಕುವ ಮುನ್ನ ಎರಡು ಬಾರಿ ಯೋಚಿಸಬೇಕು.

ವ್ಯವಹಾರದ ಶಿಸ್ತು

ಒಪ್ಪಂದದ ಚೀಟಿಯಲ್ಲಿಯೇ ಮೂರು ಅಂಶಗಳು ಬರಹದಲ್ಲಿರಬೇಕು: ಎಡಿಟಿಂಗ್ ನಂತರದ ಒಟ್ಟು ನಿಮಿಷಗಳು, ಡಿಸ್ಕುಗಳ ಸಂಖ್ಯೆ, ಮೂಲಪ್ರತಿಯನ್ನು ಎಷ್ಟು ಕಾಲ ಕಾಯ್ದಿರಿಸಲಾಗುವುದು ಎಂಬ ವಿವರ. ದರವನ್ನು ಡಿಸ್ಕಿನ ಲೆಕ್ಕದಲ್ಲಿ ಹೇಳುವ ರೂಢಿಯಿಂದ ‘ಒಂದೇ ಡಿಸ್ಕು ಸಾಕು’ ಎಂಬ ಒತ್ತಡ ಹುಟ್ಟುತ್ತದೆ. ಕೆಲಸದ ಗಂಟೆ ಮತ್ತು ನಿಮಿಷಗಳ ಆಧಾರದ ಮೇಲೆ ದರ ಹೇಳಿ, ಖಾಲಿ ಡಿಸ್ಕಿನ ಬೆಲೆಯನ್ನು ಪ್ರತ್ಯೇಕವಾಗಿ ತೋರಿಸಿದರೆ ಗ್ರಾಹಕನಿಗೆ ಎರಡನೆಯ ಡಿಸ್ಕಿನ ನಿಜವಾದ ಖರ್ಚು ತಿಳಿಯುತ್ತದೆ. ಸಾಧ್ಯವಾದರೆ ಐದು ನಿಮಿಷದ ಒಂದೇ ದೃಶ್ಯವನ್ನು ಎರಡು ಬಿಟ್ ದರಗಳಲ್ಲಿ ಸಿದ್ಧಪಡಿಸಿ ಅಂಗಡಿಯಲ್ಲಿ ತೋರಿಸಬೇಕು. ಕಣ್ಣಾರೆ ಕಂಡವರು ಹೆಚ್ಚು ಚೌಕಾಸಿ ಮಾಡುವುದಿಲ್ಲ.

ಸೇವೆಯಲ್ಲಿನ ನ್ಯೂನತೆಗೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಪರಿಹಾರ ಕೇಳಲು ಅವಕಾಶವಿದೆ. ಆದರೆ ಯಾವ ಪರಿಹಾರವೂ ಕೆಟ್ಟುಹೋದ ಮುಹೂರ್ತದ ದೃಶ್ಯವನ್ನಾಗಲಿ, ಈಗ ನಮ್ಮೊಡನಿಲ್ಲದ ಬಯಲಾಟದ ಕಲಾವಿದನ ಅಭಿನಯವನ್ನಾಗಲಿ ಮರಳಿ ತರಲಾರದು. ನಿಮಿಷಗಳನ್ನು ಎಣಿಸಿ, 6,00,000ವನ್ನು ಭಾಗಿಸಿ, ಬಂದ ಅಂಕಿಯನ್ನು ಗ್ರಾಹಕನ ಮುಂದಿಟ್ಟು ಕೆಲಸ ಒಪ್ಪಿಕೊಳ್ಳುವುದೇ ಈ ಉದ್ದಿಮೆಯ ಕ್ಷೇಮದ ದಾರಿ.