ನೀವು ಎಲ್ಲಿ ನಿಂತಿದ್ದಿರಿ? ರಾಕ್ ಕಾರ್ಯಕ್ರಮದ ಅನುಭವಗಳ ಮೂಲಕ ‘ಶಬ್ದ’ ಘಟಕದ ಬೋಧನೆ

ತರಗತಿ: 9
ವಿಷಯ: ವಿಜ್ಞಾನ
ಘಟಕ: ಶಬ್ದ
ಅವಧಿ: 40 ನಿಮಿಷಗಳ ಎರಡು ಅವಧಿಗಳು
ಬೋಧನಾಭ್ಯಾಸದ ಸ್ಥಳ: ರಾಜಾಜಿನಗರದ ಒಂದು ಪ್ರೌಢಶಾಲೆ

ವಿಷಯದ ಆಯ್ಕೆ

ಶಬ್ದದ ಪಾಠವನ್ನು ನಾವು ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಶ್ರುತಿಕವೆ ಅಥವಾ ರಬ್ಬರ್ ಬ್ಯಾಂಡಿನಿಂದ ಆರಂಭಿಸುತ್ತೇವೆ. ಅವು ಬೇಕೇ ಬೇಕು. ಆದರೆ ನಮ್ಮ ಮಕ್ಕಳು ನಿಜವಾಗಿ ಕೇಳುವ ದೊಡ್ಡ ಶಬ್ದವೆಂದರೆ ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾ, ರಾಜ್ಯೋತ್ಸವದ ವೇದಿಕೆ, ಮೆರವಣಿಗೆಯ ತಮಟೆ. ಅಂಥ ಅನುಭವವೊಂದನ್ನು ಪಾಠದ ಸಾಮಗ್ರಿಯಾಗಿಸಬೇಕೆಂಬುದು ನನ್ನ ಉದ್ದೇಶವಾಗಿತ್ತು. ಅದಕ್ಕೆ ಒಂದೇ ಸಂಜೆಯ ಬಗ್ಗೆ ಹಲವರು ಹೇಳುವ ಮಾತು ಬೇಕಿತ್ತು.

ಬೆಂಗಳೂರಿನಲ್ಲಿ ಅಂಥ ಸಂಜೆಗಳಿಗೆ ಕೊರತೆಯಿಲ್ಲ. ಅರಮನೆ ಮೈದಾನದಲ್ಲಿ 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್ ತಂಡಗಳು ಹಾಡಿದ್ದವು. 2011ರ ಅಕ್ಟೋಬರ್ 30ರಂದು ಅದೇ ಮೈದಾನದಲ್ಲಿ ಮೆಟಾಲಿಕಾ ತಂಡ ಭಾರತದಲ್ಲಿ ಮೊದಲ ಬಾರಿಗೆ ನುಡಿಸಿತು. ಅದಕ್ಕೂ ಮೊದಲು ಗಿಲೊಟಿನ್, ಬೆಂಗಳೂರಿನದೇ ಆದ ಇನ್ನರ್ ಸ್ಯಾಂಕ್ಟಮ್ ಮತ್ತು ಸ್ಕಾಟ್ಲೆಂಡಿನ ಬಿಫಿ ಕ್ಲೈರೊ ತಂಡಗಳು ವೇದಿಕೆ ಏರಿದ್ದವು. ರಾಜಾಜಿನಗರದಿಂದ ಮಲ್ಲೇಶ್ವರ ದಾಟಿದರೆ ಅರಮನೆ ಮೈದಾನ. ಹಾಗಾಗಿ ಆ ಸಂಜೆ ಅಲ್ಲಿದ್ದವರು ಮಕ್ಕಳಿಗೆ ಮನೆಯಲ್ಲಿ, ನೆರೆಯಲ್ಲಿ ಸಿಕ್ಕರು: ಒಬ್ಬರ ಸೋದರಮಾವ, ಒಬ್ಬರ ಚಿಕ್ಕಪ್ಪ, ಇನ್ನೊಬ್ಬರ ಮನೆ ಮಾಲೀಕರ ಮಗ.

ಪೂರ್ವಸಿದ್ಧತೆ

ಒಂದು ವಾರ ಮುಂಚೆ ಮಕ್ಕಳಿಗೆ ಒಂದೊಂದು ಕಾರ್ಡ್ ಕೊಟ್ಟೆ. ಅದರಲ್ಲಿ ನಾಲ್ಕು ಪ್ರಶ್ನೆಗಳಿದ್ದವು: ಏನು ಕೇಳಿಸಿತು? ಯಾವ ತಂಡ ಇಷ್ಟವಾಯಿತು? ಮಾರನೇ ದಿನ ಕಿವಿ ಹೇಗಿತ್ತು? ನೀವು ಎಲ್ಲಿ ನಿಂತಿದ್ದಿರಿ? ಹೇಳಿದವರ ಹೆಸರು ಬರೆಯುವುದು ಬೇಡವೆಂದು ತಿಳಿಸಿದ್ದೆ. ಬಂದ ಕಾರ್ಡುಗಳಲ್ಲಿ ಐದನ್ನು ಆರಿಸಿ, ಕೊನೆಯ ಪ್ರಶ್ನೆಯ ಉತ್ತರವನ್ನು ಮಡಿಚಿ ಮರೆಮಾಡಿದೆ.

ಮೊದಲ ಅವಧಿ: ತೊಡಗಿಸಿಕೊಳ್ಳುವಿಕೆ ಮತ್ತು ಪರಿಶೋಧನೆ

ಐದು ಕಾರ್ಡುಗಳ ಸಾರ ಹೀಗಿತ್ತು.

1. ಡ್ರಮ್ಮಿನ ಏಟು ಎದೆಗೇ ಬಡಿಯಿತು. ಹಾಡಿನ ಪದ ಒಂದೂ ತಿಳಿಯಲಿಲ್ಲ. ಎರಡು ದಿನ ಕಿವಿ ಗುಂಯ್ ಎನ್ನುತ್ತಿತ್ತು.
2. ಒಂದೊಂದು ವಾದ್ಯವೂ ಬೇರೆ ಬೇರೆಯಾಗಿ ಕೇಳಿಸಿತು.
3. ಡ್ರಮ್ಮಿನ ಕೋಲು ಮೊದಲು ಬಿತ್ತು, ಶಬ್ದ ಆಮೇಲೆ ಬಂತು.
4. ಬರೀ ‘ಧಮ್ ಧಮ್’ ಕೇಳಿಸಿತು, ಹಾಡೇ ಇರಲಿಲ್ಲ.
5. ದೊಡ್ಡ ತಂಡಕ್ಕಿಂತ ನಮ್ಮೂರ ಹುಡುಗರೇ ಚೆನ್ನಾಗಿ ನುಡಿಸಿದರು.

‘ಇವರೆಲ್ಲ ಒಂದೇ ಕಾರ್ಯಕ್ರಮಕ್ಕೆ ಹೋಗಿದ್ರಾ ಮಿಸ್?’ ಎಂಬುದು ಮೊದಲು ಬಂದ ಪ್ರಶ್ನೆ. ಯಾರೋ ಸುಳ್ಳು ಹೇಳುತ್ತಿದ್ದಾರೆಂದು ಹಲವರು ತೀರ್ಮಾನಿಸಿದರು. ಆಗ ಮಡಿಕೆ ಬಿಚ್ಚಿ ಓದಿದೆ. ಮೊದಲನೆಯವರು ವೇದಿಕೆಯ ಮುಂದಿನ ಕಟಕಟೆಗೆ ಒರಗಿ ನಿಂತಿದ್ದವರು. ಎರಡನೆಯವರು ಮೈದಾನದ ನಡುವೆ, ಧ್ವನಿ ನಿಯಂತ್ರಿಸುವವರ ಟೆಂಟಿನ ಬಳಿ ಇದ್ದವರು. ಮೂರನೆಯವರು ಬಹಳ ಹಿಂದೆ ಇದ್ದವರು. ನಾಲ್ಕನೆಯವರು ಟಿಕೆಟ್ ಇಲ್ಲದೆ ಕಾಂಪೌಂಡಿನ ಹೊರಗೆ ನಿಂತಿದ್ದವರು. ಐದನೆಯವರ ಜಾಗ ಓದಿದಾಗ ಅದರಿಂದ ಏನೂ ಬದಲಾಗಲಿಲ್ಲವೆಂದು ಮಕ್ಕಳೇ ಗುರುತಿಸಿದರು. ಅದು ಅಭಿರುಚಿಯ ಮಾತು. ಅದನ್ನು ಕಪ್ಪುಹಲಗೆಯ ಮೇಲೆ ಬೇರೆ ಅಂಕಣದಲ್ಲಿ ಬರೆದೆವು.

ನಂತರ ಪಕ್ಕದ ಆಟದ ಮೈದಾನಕ್ಕೆ ಹೋದೆವು. ಒಬ್ಬ ವಿದ್ಯಾರ್ಥಿ ಕೈ ಎತ್ತಿ ತಮಟೆ ಬಡಿದ. ಉಳಿದವರು ಹತ್ತಿರ, ನಡುವೆ, ದೂರ ಎಂದು ಮೂರು ಗುಂಪಾಗಿ ನಿಂತು ಗಮನಿಸಿದರು. ದೂರದ ಗುಂಪಿಗೆ ಏಟು ಮತ್ತು ಶಬ್ದದ ನಡುವಿನ ಅಂತರ ಕಂಡಿತು. ಮೂರನೇ ಕಾರ್ಡು ಸುಳ್ಳಲ್ಲವೆಂದು ಅವರೇ ಕೂಗಿ ಹೇಳಿದರು.

ಎರಡನೇ ಅವಧಿ: ವಿವರಣೆ

ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. 100 ಮೀಟರ್ ದೂರಕ್ಕೆ ಅದು ತಲುಪಲು ಸುಮಾರು 0.3 ಸೆಕೆಂಡ್ ಬೇಕು. ಬೆಳಕಿಗೆ ಆ ದೂರ ಲೆಕ್ಕಕ್ಕೇ ಇಲ್ಲ. ಆದ್ದರಿಂದ ಕೋಲು ಮೊದಲು, ಶಬ್ದ ಆಮೇಲೆ.

ಕಡಿಮೆ ಆವೃತ್ತಿಯ, ಹೆಚ್ಚು ಪಾರವಿರುವ ಶಬ್ದ ಎದೆಗೂಡನ್ನೇ ಕಂಪಿಸುವಂತೆ ಮಾಡುತ್ತದೆ. ಕಡಿಮೆ ಆವೃತ್ತಿಯ ಅಲೆಗಳು ಗೋಡೆ ಬಳಸಿಕೊಂಡು ಹೋಗಬಲ್ಲವು, ಗಾಳಿಯಲ್ಲಿ ಅಷ್ಟು ಬೇಗ ಕ್ಷೀಣಿಸುವುದೂ ಇಲ್ಲ. ಹೊರಗಿದ್ದವರಿಗೆ ‘ಧಮ್ ಧಮ್’ ಮಾತ್ರ ಉಳಿದದ್ದು ಹೀಗೆ. ಇನ್ನು ಧ್ವನಿ ನಿಯಂತ್ರಿಸುವವರು ತಾವು ನಿಂತ ಕಡೆ ಕೇಳಿಸುವುದನ್ನು ಆಧರಿಸಿ ವಾದ್ಯಗಳನ್ನು ಹೊಂದಿಸುತ್ತಾರೆ. ಅವರ ಬಳಿ ನಿಂತವರಿಗೆ ಅದೇ ಹೊಂದಾಣಿಕೆ ಕೇಳಿಸುತ್ತದೆ.

ವಿಸ್ತರಣೆ: ಗುಂಯ್ ಎನ್ನುವ ಕಿವಿ

ಮೊದಲ ಕಾರ್ಡಿನವರು ಕಿವಿ ಗುಂಯ್ ಎಂದದ್ದನ್ನು ಹೊಗಳಿಕೆಯಾಗಿ ಹೇಳಿದ್ದರು: ಅಷ್ಟು ಜೋರಾಗಿತ್ತು, ಅಷ್ಟು ಚೆನ್ನಾಗಿತ್ತು. ಇದು ಯಾವ ಅಂಕಣಕ್ಕೆ ಸೇರಬೇಕೆಂದು ಕೇಳಿದೆ. ತರಗತಿ ಎರಡು ಭಾಗವಾಯಿತು. ಆಗ ಕೊನೆಯ ಬೆಂಚಿನ ಹುಡುಗನೊಬ್ಬ ಎದ್ದು ಹೇಳಿದ: ‘ಮಿಸ್, ಅಪ್ಪಂದು ಶಾಮಿಯಾನ, ಸೌಂಡ್ ಸಿಸ್ಟಂ ಕೆಲಸ. ಹಬ್ಬದಲ್ಲಿ ನಾನು ಬಾಕ್ಸ್ ಪಕ್ಕಾನೇ ಇರ್ತೀನಿ. ಮನೆಗೆ ಹೋದ್ಮೇಲೆ ದಿನಾ ಹಾಗೇ ಆಗುತ್ತೆ. ಎಲ್ಲರಿಗೂ ಹಾಗೇ ಅನ್ಕೊಂಡಿದ್ದೆ.’

ಒಳಗಿವಿಯ ಕಾಕ್ಲಿಯಾದಲ್ಲಿರುವ ಸೂಕ್ಷ್ಮ ರೋಮಕೋಶಗಳು ಅತಿಯಾದ ಶಬ್ದಕ್ಕೆ ಬಳಲುತ್ತವೆ. ಗುಂಯ್ ಎನ್ನುವುದು ಅದರ ಸೂಚನೆ. ವಿಶ್ರಾಂತಿ ಸಿಕ್ಕರೆ ಸುಧಾರಿಸಬಹುದು. ಮತ್ತೆ ಮತ್ತೆ ಆದರೆ ಕೋಶಗಳು ಸಾಯುತ್ತವೆ. ಮನುಷ್ಯರಲ್ಲಿ ಅವು ಮತ್ತೆ ಹುಟ್ಟುವುದಿಲ್ಲ. ಇದನ್ನು ವಿವರಿಸಿ, ಸುರಕ್ಷತೆಗೆ ಬಳಸುವ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿದೆ: 85 ಡೆಸಿಬೆಲ್ ಇದ್ದರೆ ದಿನಕ್ಕೆ 8 ಗಂಟೆ, ಪ್ರತಿ 3 ಡೆಸಿಬೆಲ್ ಏರಿದಂತೆ ಅವಧಿ ಅರ್ಧ. 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ 1, 97ಕ್ಕೆ 30 ನಿಮಿಷ, 100ಕ್ಕೆ 15 ನಿಮಿಷ. ರಾಕ್ ಕಾರ್ಯಕ್ರಮದ ಧ್ವನಿವರ್ಧಕಗಳ ಬಳಿ 100 ಡೆಸಿಬೆಲ್ ದಾಟುವುದು ಸಾಮಾನ್ಯ. ಕೊನೆಯ ಸಾಲು ಬರೆದಾಗ ತರಗತಿ ಮೌನವಾಯಿತು.

ಪರಿಹಾರವನ್ನೂ ಲೆಕ್ಕದಿಂದಲೇ ಹುಡುಕಿದೆವು. ಬಯಲಿನಲ್ಲಿ ಒಂದೇ ಪೆಟ್ಟಿಗೆಯಿಂದ ದೂರ ಎರಡರಷ್ಟಾದರೆ ಶಬ್ದ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಅಂದರೆ ಸುರಕ್ಷಿತ ಅವಧಿ ನಾಲ್ಕು ಪಟ್ಟಾಗುತ್ತದೆ. ‘ಹಾಗಾದ್ರೆ ಬಾಕ್ಸಿಂದ ಒಂದು ಮೀಟರ್ ಬದಲು ನಾಲ್ಕು ಮೀಟರ್ ದೂರ ಕೂತ್ರೆ ಹದಿನಾರು ಪಟ್ಟು’ ಎಂದು ಅದೇ ಹುಡುಗ ಮೊದಲು ಉತ್ತರಿಸಿದ. ಇಯರ್‌ಪ್ಲಗ್ ಮತ್ತು ನಡುನಡುವೆ ವಿರಾಮದ ಬಗ್ಗೆಯೂ ಚರ್ಚಿಸಿದೆವು. ತರಗತಿ ಶಿಕ್ಷಕಿಯವರ ಮೂಲಕ ಅವನ ತಂದೆಯವರೊಡನೆ ಮಾತನಾಡಿ, ಕಿವಿ ತಪಾಸಣೆ ಮಾಡಿಸಲು ತಿಳಿಸಲಾಯಿತು.

ಮೌಲ್ಯಮಾಪನ

ಪ್ರತಿ ವಿದ್ಯಾರ್ಥಿಗೂ ಹೊಸ ಹೇಳಿಕೆಯೊಂದನ್ನು ಕೊಟ್ಟು ಮೂರು ಪ್ರಶ್ನೆ ಕೇಳಿದೆ: ಇದರಲ್ಲಿ ಅಳೆಯಬಹುದಾದದ್ದು ಯಾವುದು? ಅಭಿರುಚಿ ಯಾವುದು? ಪರೀಕ್ಷಿಸುವುದು ಹೇಗೆ? ಹೆಚ್ಚಿನವರು ಮೊದಲೆರಡನ್ನು ಸರಿಯಾಗಿ ಬೇರ್ಪಡಿಸಿದರು. ಮೂರನೆಯದಕ್ಕೆ ಗುಂಪಿನಲ್ಲಿ ಇನ್ನಷ್ಟು ಅಭ್ಯಾಸ ಬೇಕು.

ಸಹ ಪ್ರಶಿಕ್ಷಣಾರ್ಥಿಗಳಿಗೆ ಸಲಹೆ

ಮಕ್ಕಳ ಅನುಭವವನ್ನು ತರಗತಿಗೆ ತನ್ನಿ ಎಂದು ನಮಗೆ ರಚನಾವಾದದ ಪಾಠದಲ್ಲಿ ಹೇಳುತ್ತಾರೆ. ಆ ಅನುಭವ ದತ್ತಾಂಶವಾಗಲು ‘ಹೇಗಿತ್ತು?’ ಎಂಬುದರ ಜೊತೆಗೆ ‘ಎಲ್ಲಿ ನಿಂತಿದ್ದಿರಿ?’ ಎಂದೂ ಕೇಳಬೇಕು. ರಾಕ್ ಕಾರ್ಯಕ್ರಮಕ್ಕೆ ಹೋದವರು ಸಿಗದಿದ್ದರೆ ಕೆಂಗೇರಿಯ ಊರಹಬ್ಬ, ವಿಜಯನಗರದ ಬೀದಿಯ ಆರ್ಕೆಸ್ಟ್ರಾ ಸಾಕು. ಮೊಬೈಲಿನ ಡೆಸಿಬೆಲ್ ಆ್ಯಪ್ ಬಳಸುವುದಾದರೆ ಅದರ ಅಂಕಿಯನ್ನು ನಿಖರವೆಂದು ಹೇಳಬೇಡಿ; ಒಂದೇ ಫೋನಿನಲ್ಲಿ ಎರಡು ಜಾಗಗಳ ವ್ಯತ್ಯಾಸವನ್ನಷ್ಟೇ ನೋಡಿಸಿ. ಯಾರ ಅಭಿರುಚಿಯನ್ನೂ ತಪ್ಪೆಂದು ಗುರುತು ಹಾಕಬೇಡಿ. ಕಿವಿಯ ಪ್ರಶ್ನೆಯನ್ನು ಮಾತ್ರ ಕಾರ್ಡಿನಿಂದ ಬಿಡಬೇಡಿ. ಅದಕ್ಕೆ ಬರುವ ಉತ್ತರ ನಿಮ್ಮದೇ ತರಗತಿಯ ಮಗುವಿನದಾಗಿರಬಹುದು.